ಬದುಕಿದ್ದಾಗಲೇ ಬರೆದುಕೊಂಡ ಹೇಳಿಕೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಒಬ್ಬ ಸೊಸೆಯನ್ನು ತಂದು ಮಲಗಿಸಿದರೆಂದರೆ ಅವಳ ಹೆಸರಿನಲ್ಲಿ ಕಾಗದ ಬೆಳೆಯತೊಡಗುತ್ತಿತ್ತು. ಮೊದಲು ಕೇಸ್ ಶೀಟು, ಅದರ ಹಿಂದೆ ವೈದ್ಯ-ಕಾನೂನು ಪ್ರಕರಣವೆಂದು ಠಾಣೆಗೆ ಹೋಗುವ ಎಂಎಲ್‌ಸಿ ಮೆಮೊ, ಆಮೇಲೆ ಮರಣಪೂರ್ವ ಹೇಳಿಕೆ. ಅವಳು ತೀರಿಕೊಂಡ ಮೇಲೆ ಅಸಹಜ ಸಾವಿನ ವರದಿಯಾದ ಯುಡಿಆರ್, ತಹಶೀಲ್ದಾರರ ಶವ ತನಿಖೆ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ. ಮದುವೆಯಾಗಿ ಆ ಮನೆಯಲ್ಲಿ ಬದುಕಿದ್ದಷ್ಟು ದಿನ ಅವಳ ಮಾತನ್ನು ಯಾರೂ ಒಂದು ಹಾಳೆಯ ಮೇಲೆ ಬರೆದುಕೊಂಡಿರಲಿಲ್ಲ. ಸಾಯುವ ಹೊತ್ತಿಗೆ ಮಾತ್ರ ಸರ್ಕಾರವೇ ಪೆನ್ನು ಹಿಡಿದು ಮಂಚದ ಪಕ್ಕ ಬಂದು ನಿಲ್ಲುತ್ತಿತ್ತು.

ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳ ಬೆನ್ನಿಗೆ ನಿಂತ ಸಂಸ್ಥೆಗಳ ಕಥೆಯನ್ನು ಕಾಯ್ದೆಗಳ ಕಥೆಯಾಗಿ ಹೇಳುವುದು ರೂಢಿ. ಯೋಜನೆಗಳ ಪಟ್ಟಿಯಾಗಿಯೂ ಹೇಳಬಹುದು. ಸರ್ಕಾರಿ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಅದನ್ನೇ ಮಾಡುತ್ತವೆ. ಕರ್ನಾಟಕದ ಮಟ್ಟಿಗೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವಳ ಹೇಳಿಕೆಯನ್ನು ಬರೆದುಕೊಳ್ಳುವ ಹೊತ್ತು ಸಾವಿನ ಹಾಸಿಗೆಯಿಂದ ಹಿಂದಕ್ಕೆ ಸರಿಯುತ್ತ, ಅವಳಿನ್ನೂ ನಡೆದು ಬಂದು ಕುರ್ಚಿಯ ಮೇಲೆ ಕೂತು ಮಾತಾಡಬಲ್ಲ ಹೊತ್ತಿಗೆ ಬಂದು ನಿಂತದ್ದು ಹೇಗೆ ಎಂಬುದು. ಆ ಸರಿಯುವಿಕೆಗೆ ನಾಲ್ಕು ದಶಕ ಬೇಕಾಯಿತು. ಅದು ಇನ್ನೂ ಮುಗಿದಿಲ್ಲ.

ಶುರು 1979ರಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ‘ವಿಮೋಚನಾ’ ಎಂಬ ಮಹಿಳಾ ಸಂಘಟನೆ ಹುಟ್ಟಿತು. ಅದಕ್ಕೆ ನಾಲ್ಕು ವರ್ಷ ಮೊದಲು ಕೆಲಸ ಆರಂಭಿಸಿದ್ದ ಸೀಡ್ಸ್ ಬಳಗದ ಒಡಲಿನಿಂದಲೇ ಅದು ಬಂದದ್ದು; ಕೊರಿನ್ ಕುಮಾರ್, ಡೋನಾ ಫರ್ನಾಂಡಿಸ್, ಮಧು ಭೂಷಣ್ ಮೊದಲಾದವರ ಹೆಸರುಗಳು ಅದರೊಂದಿಗೆ ಸೇರಿಕೊಂಡಿವೆ. ದೇಶದಲ್ಲಿ ಆಗ ಗಾಳಿ ಬಿಸಿಯಾಗಿತ್ತು. ಠಾಣೆಯೊಳಗೆ ನಡೆದ ಅತ್ಯಾಚಾರದ ಮಥುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಡುಗಡೆ ಮಾಡಿದ್ದನ್ನು ಪ್ರಶ್ನಿಸಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದದ್ದು ಅದೇ ವರ್ಷ. ದೆಹಲಿಯಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಹೆಂಗಸರು ಬೀದಿಗಿಳಿದಿದ್ದರು. ಮೈಸೂರಿನಲ್ಲಿ ವಿಜಯಾ ದಬ್ಬೆಯವರು ಮತ್ತು ಗೆಳತಿಯರ ‘ಸಮತಾ ವೇದಿಕೆ’ ಕನ್ನಡದಲ್ಲೇ ಈ ಮಾತುಗಳನ್ನು ಆಡಲು ಹೊರಟಿತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಆಗ ಬರೀ ಊರ ಕಟ್ಟೆಯ ಮಾತಾಗಿರಲಿಲ್ಲ; ಠಾಣೆಯ ಕಾರ್ಯವಿಧಾನವೂ ಅದೇ ಆಗಿತ್ತು. ಹೊಡೆಸಿಕೊಂಡು ಬಂದವಳಿಗೆ ‘ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿವಾದ, ಗಂಡನನ್ನು ಕರೆಸಿ ಒಂದು ಗದರಿಕೆ, ಹೆಚ್ಚೆಂದರೆ ಒಂದು ಮುಚ್ಚಳಿಕೆ. ಮುಚ್ಚಳಿಕೆಯಲ್ಲಿ ಬರೆಯುತ್ತಿದ್ದುದು ಅವನ ಮಾತು: ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು. ಅವಳಿಗೆ ಏನಾಗಿತ್ತು ಎಂಬುದು ಅದರಲ್ಲಿ ಇರುತ್ತಿರಲಿಲ್ಲ. ಏಟು ಬಿದ್ದದ್ದು ಯಾವತ್ತು, ಯಾವುದರಿಂದ, ಯಾರು ನೋಡುತ್ತಿದ್ದರು, ಯಾವುದೂ ಇಲ್ಲ. ಮುಂದೆ ಅವಳು ಸತ್ತರೆ ಆ ಕಾಗದ ನ್ಯಾಯಾಲಯದಲ್ಲಿ ಅವನ ಒಳ್ಳೆಯತನದ ಸಾಕ್ಷಿಯಾಗಿ ಬರುವ ಸಾಧ್ಯತೆಯೇ ಹೆಚ್ಚು.

ಚಳವಳಿಯ ಒತ್ತಡಕ್ಕೆ ಕಾನೂನು ಬದಲಾಯಿತು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಸೇರಿತು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯ ಶಿಕ್ಷಾರ್ಹ ಅಪರಾಧವಾಯಿತು. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಸಂಶಯಾಸ್ಪದವಾಗಿ ಸತ್ತರೆ ಶವಪರೀಕ್ಷೆ ಕಡ್ಡಾಯವಾದದ್ದೂ ಆಗಲೇ. 1986ರಲ್ಲಿ 304ಬಿ ಬಂದು ‘ವರದಕ್ಷಿಣೆ ಸಾವು’ ಎಂಬುದು ಕಾಯ್ದೆಯ ಪದವಾಯಿತು. ಈ ತಿದ್ದುಪಡಿಗಳಲ್ಲಿ ಎರಡು ಎಚ್ಚೆತ್ತುಕೊಳ್ಳುವುದೇ ಅವಳು ಸತ್ತ ಮೇಲೆ. ಏಳು ವರ್ಷದ ಲೆಕ್ಕ ಹಾಕಲು ಒಂದು ಹೆಣ ಬೇಕು. ಬದುಕಿರುವವಳಿಗೆ ಸಿಕ್ಕಿದ್ದು 498ಎ ಒಂದೇ, ಅದೂ ಗಂಡನನ್ನು ಜೈಲಿಗೆ ಕಳಿಸುವ ದಾರಿ. ನೆರವು ಕೇಳಿ ಬಂದವರಲ್ಲಿ ಹೆಚ್ಚಿನವರು ಕೇಳುತ್ತಿದ್ದುದು ಜೈಲನ್ನಲ್ಲ. ಹೊಡೆತ ನಿಲ್ಲಲಿ, ಮನೆಯಿಂದ ಹಾಕದಿರಲಿ, ಮಕ್ಕಳ ಖರ್ಚಿಗೆ ಕೊಡಲಿ, ಇಷ್ಟು.

ಹೀಗಾಗಿ ಆರಂಭದ ವರ್ಷಗಳ ನೆರವು ಕೇಂದ್ರವೆಂದರೆ ಒಂದು ಮೇಜು, ಎರಡು ಬೆಂಚು, ಜೊತೆಗೆ ಠಾಣೆಗೆ ಬರಲು ಸಿದ್ಧವಿರುವ ಇಬ್ಬರು ಹೆಂಗಸರು. ವಿಮೋಚನಾ ಆ ಕೆಲಸ ಮಾಡಿತು. ಜೊತೆಗೆ ಎಂಬತ್ತರ ದಶಕದಲ್ಲಿ ‘ಸ್ತ್ರೀಲೇಖಾ’ ಎಂಬ ಪುಸ್ತಕದ ಅಂಗಡಿಯನ್ನೂ ತೆರೆಯಿತು. ಏಟು ತಿಂದವರ ಜೊತೆ ಠಾಣೆಗೆ ಓಡಾಡುವವರಿಗೆ ಪುಸ್ತಕದಂಗಡಿ ಯಾಕೆ ಎಂದು ಕೇಳಿದವರಿದ್ದರು. ನನಗಂತೂ ಅದು ಸರಿಯಾದ ಜೋಡಿ ಎನಿಸುತ್ತದೆ. ‘ಹೆಂಗಸರ ಹಕ್ಕಿನ ಸಂಘ’ ಹಳ್ಳಿಗಳ ಕಡೆ ಕಾನೂನು ತಿಳಿವಳಿಕೆಯ ಕೆಲಸ ಹಿಡಿಯಿತು. ‘ಮಾನಸ’ದಂಥ ಪುಟ್ಟ ಪತ್ರಿಕೆಗಳು ಬಂದವು. ಇವೆಲ್ಲದರ ವಿವರ ಬೇರೆ ಲೇಖನವನ್ನೇ ಕೇಳುತ್ತದೆ.

ಮತ್ತೆ ವಾರ್ಡಿಗೆ ಬರೋಣ. ಸಂಸ್ಥೆಯೊಂದು ತನ್ನ ಕೆಲಸದ ರೀತಿಯನ್ನೇ ಬದಲಿಸಿಕೊಂಡದ್ದು ಅಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ವಿಮೋಚನಾದ ಕಾರ್ಯಕರ್ತೆಯರು ನಗರದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನುಹತ್ತಿದರು. ಠಾಣೆ ಠಾಣೆ ಅಲೆದು, ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿಗೆ ಹೋಗಿ, ಸತ್ತವರ ಮನೆಗಳಿಗೆ ಹೋಗಿ ಲೆಕ್ಕ ಹಿಡಿದರು. ಪೊಲೀಸರ ದಾಖಲೆಯ ಪ್ರಕಾರವೇ 1997ರಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರ ಅಸಹಜ ಸಾವು. ಅದರಲ್ಲಿ ವರದಕ್ಷಿಣೆಯ ಕೊಲೆ ಎಂದು ನಮೂದಾದದ್ದು 157, ಆತ್ಮಹತ್ಯೆ 546, ಅಪಘಾತ 430. ಮರುವರ್ಷ ಒಟ್ಟು ಸಂಖ್ಯೆ 1,248ಕ್ಕೇರಿತು.

430 ಎಂಬ ಅಂಕಿಯ ಎದುರು ಸ್ವಲ್ಪ ನಿಲ್ಲಬೇಕು. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಕಾಲಮ್ಮಿನ ಸುದ್ದಿಯನ್ನು ಓದಿ ಪುಟ ತಿರುಗಿಸಿದ ಪೀಳಿಗೆ ನಮ್ಮದು. ಪಂಪ್ ಸ್ಟೌ ಬಳಸಿದವರಿಗೆ ಅದರ ಮೈಕಟ್ಟು ಗೊತ್ತು: ಹಿತ್ತಾಳೆಯ ಟ್ಯಾಂಕು, ಪಂಪು, ಗಾಳಿ ಬಿಡುವ ಸ್ಕ್ರೂ, ಬರ್ನರಿನ ಸಣ್ಣ ರಂಧ್ರ ಚುಚ್ಚಲು ಪಿನ್ನು. ಅದು ಕೆಡುತ್ತದೆ, ಕೆಲವೊಮ್ಮೆ ಭುಗಿಲ್ಲೆನ್ನುತ್ತದೆ. ಆದರೆ ಸಿಡಿದ ಸ್ಟೌವಿನ ಟ್ಯಾಂಕು ಹರಿದಿರಬೇಕು, ಅಡುಗೆಮನೆಯ ಗೋಡೆ ಕಪ್ಪಾಗಿರಬೇಕು. ವಿಮೋಚನಾದವರು ಮನೆಗಳಿಗೆ ಹೋಗಿ ಕೇಳಿದ್ದು ಇಂಥ ಪ್ರಶ್ನೆಗಳನ್ನು. ಸ್ಟೌ ಎಲ್ಲಿ? ಅದಕ್ಕೆ ಏನೂ ಆಗಿಲ್ಲವಲ್ಲ? ಅತ್ತೆ, ಮಾವ, ಗಂಡ, ನಾದಿನಿ ಎಲ್ಲರೂ ಬಳಸುವ ಮನೆಯಲ್ಲಿ ಅದು ಸೊಸೆಗೇ ಯಾಕೆ ಸಿಡಿಯುತ್ತದೆ? ಅಡುಗೆಮನೆಯ ಬಗ್ಗೆ ಅಡುಗೆಮನೆ ಬಲ್ಲವರೇ ತನಿಖೆ ಮಾಡಿದಂತಾಯಿತು. ಪೊಲೀಸ್ ಕೈಪಿಡಿಯಲ್ಲಿ ಇಲ್ಲದ ಪರಿಣತಿ ಇದು.

ಮರಣಪೂರ್ವ ಹೇಳಿಕೆಯ ಕಷ್ಟ ಇನ್ನೊಂದು ಬಗೆಯದು. ಸಾಯುವವಳ ಮಾತಿಗೆ ಕಾನೂನಿನಲ್ಲಿ ದೊಡ್ಡ ತೂಕ. ನಂಬಲರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದೆಂದು ಸುಪ್ರೀಂ ಕೋರ್ಟು 1957ರಲ್ಲೇ ಹೇಳಿತ್ತು. ಆದರೆ ಅವಳನ್ನು ಆಸ್ಪತ್ರೆಗೆ ತಂದವರು ಯಾರು? ಬಹುತೇಕ ಗಂಡನ ಮನೆಯವರೇ. ಮಂಚದ ತಲೆದೆಸೆಯಲ್ಲಿ ನಿಂತವರು ಅವರೇ, ಔಷಧಿ ಚೀಟಿ ಹಿಡಿದು ಓಡುವವರೂ ಅವರೇ, ಹೊರಗೆ ಮಗುವನ್ನು ಎತ್ತಿಕೊಂಡು ನಿಂತವರೂ ಅವರೇ. ‘ಮಗು ನಮ್ಮ ಹತ್ತಿರವೇ ಇರುತ್ತದಲ್ಲ’ ಎಂಬ ಒಂದು ಮಾತು ಸಾಕು, ಸ್ಟೌ ಸಿಡಿಯಿತೆಂದು ಅವಳ ಬಾಯಿಂದಲೇ ಬರುತ್ತದೆ. ಮೊದಲ ದಿನ ‘ಸ್ಟೌ’, ತವರಿನವರು ಬಂದ ಮೇಲೆ ‘ಅತ್ತೆ’. ಎರಡು ಹೇಳಿಕೆಗಳು ಒಂದನ್ನೊಂದು ಕೊಂದುಕೊಂಡು ಪ್ರಕರಣ ಬಿದ್ದುಹೋಗುತ್ತದೆ. ಸಹಿ ಹಾಕಲು ಬೆರಳಿಲ್ಲದವಳ ಕಾಲ್ಬೆರಳ ಗುರುತು ತೆಗೆದುಕೊಳ್ಳಬೇಕು. ಹೇಳಿಕೆ ಕೊಡುವ ಸ್ಥಿತಿಯಲ್ಲಿ ಅವಳಿದ್ದಾಳೆಂದು ವೈದ್ಯರು ಬರೆದುಕೊಟ್ಟಿಲ್ಲ ಎಂಬ ಕಾರಣಕ್ಕೇ ಎಷ್ಟೋ ಹೇಳಿಕೆಗಳು ಕೋರ್ಟಿನಲ್ಲಿ ಬಿದ್ದುಹೋಗುತ್ತಿದ್ದವು. ವೈದ್ಯರ ಆ ಷರಾ ಇಲ್ಲದಿದ್ದರೂ ಬೇರೆ ಪುರಾವೆಯಿದ್ದರೆ ಹೇಳಿಕೆ ನಿಲ್ಲುತ್ತದೆ ಎಂದು ಸಂವಿಧಾನ ಪೀಠ ಇತ್ಯರ್ಥ ಮಾಡಿದ್ದು 2002ರಲ್ಲಿ, ಲಕ್ಷ್ಮಣ್ ಪ್ರಕರಣದಲ್ಲಿ.

ಈ ಎಲ್ಲ ಕಡತಗಳನ್ನು ಹೊತ್ತು ವಿಮೋಚನಾ 1999ರಲ್ಲಿ ವಿವಾಹಿತ ಯುವತಿಯರ ಅಸಹಜ ಸಾವುಗಳ ಕುರಿತು ಬೆಂಗಳೂರಿನಲ್ಲಿ ‘ಸತ್ಯ ಆಯೋಗ’ ನಡೆಸಿತು. ಮಗಳನ್ನು ಕಳೆದುಕೊಂಡ ತಂದೆತಾಯಿಗಳು ಸಾರ್ವಜನಿಕವಾಗಿ ಬಂದು ಸಾಕ್ಷಿ ನುಡಿದರು. ಕೋರ್ಟಿನಲ್ಲಿ ಕೇಳಿಸದ ಸಾಕ್ಷ್ಯಕ್ಕೆ ಬೇರೊಂದು ಅಂಗಳ ಹಾಕುವ ಈ ಕ್ರಮ ಅವರಿಗೆ ಹೊಸದಾಗಿರಲಿಲ್ಲ. ಕೊರಿನ್ ಕುಮಾರ್ ಮತ್ತು ಏಷ್ಯಾದ ಇತರ ಸಂಗಾತಿಗಳು ಸೇರಿ ‘ಮಹಿಳಾ ನ್ಯಾಯಾಲಯ’ಗಳ ಸರಣಿಯನ್ನು 1993ರಲ್ಲಿ ಲಾಹೋರಿನಲ್ಲಿ ಆರಂಭಿಸಿದ್ದರು. ಇಂಥ ಆಯೋಗಗಳಿಗೆ ಶಿಕ್ಷೆ ಕೊಡುವ ಅಧಿಕಾರವಿಲ್ಲ, ಹಾಗಾಗಿ ನಾಟಕ ಎಂದವರೂ ಇದ್ದರು. ಆದರೆ ನಗರದ ಅಸಹಜ ಸಾವುಗಳ ಲೆಕ್ಕವನ್ನು ಒಂದೇ ಕಡೆ ಇಟ್ಟು, ಅಪಘಾತ ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದ್ದು ಆ ಹೊತ್ತಿನಲ್ಲಿ ಯಾವ ಇಲಾಖೆಯೂ ಅಲ್ಲ, ಇವರೇ.

ವಾರ್ಡಿನಲ್ಲಿ ಕಲಿತ ಪಾಠ ಒಂದು: ಇಲ್ಲಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಅದೇ 1999ರಲ್ಲಿ ಬೆಂಗಳೂರು ನಗರ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ‘ವನಿತಾ ಸಹಾಯವಾಣಿ’ ಶುರುವಾಯಿತು. ‘ಪರಿಹಾರ್’ ಸಂಸ್ಥೆಯ ಆಪ್ತಸಮಾಲೋಚಕಿಯರು ಅದನ್ನು ನಡೆಸಿದರು. ಸಮವಸ್ತ್ರದ ಕಟ್ಟಡದೊಳಗೇ ಸಮವಸ್ತ್ರವಿಲ್ಲದ ಒಂದು ಕೋಣೆ. ಗಂಡನಿಗೆ ನೋಟಿಸು ಹೋದರೆ ಬರಲೇಬೇಕೆನಿಸುವ ವಿಳಾಸ. ಬಂದವಳಿಗೆ ಎಫ್‌ಐಆರ್ ಬರೆಸಲೇಬೇಕೆಂಬ ಒತ್ತಾಯವಿಲ್ಲ. ಜಾಣ ವ್ಯವಸ್ಥೆ.

ನಗರವನ್ನು ಬಿಟ್ಟರೆ ಚಿತ್ರ ಬೇರೆ. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಕರ್ನಾಟಕಕ್ಕೆ ಬಂದಾಗ ಮೊದಲು ಹಿಡಿದದ್ದು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳನ್ನು. ಅದು ಶಿಕ್ಷಣ ಇಲಾಖೆಯ ಕಾರ್ಯಕ್ರಮ. ಹಿಂಸೆಯ ವಿಷಯ ಅದರ ಕಾಗದದಲ್ಲಿ ಮೊದಲ ಸಾಲಿನಲ್ಲೇನೂ ಇರಲಿಲ್ಲ. ಆದರೆ ಕೂಲಿ ಮುಗಿಸಿಕೊಂಡು ರಾತ್ರಿ ಅದರ ಮಹಿಳಾ ಸಂಘಕ್ಕೆ ಬಂದು ಕೂತ ದಲಿತ ಹೆಂಗಸರು ಮಾತಾಡಲು ಬಿಟ್ಟರೆ ಯಾವ ವಿಷಯ ಬರುತ್ತದೋ ಅದೇ ಬಂತು: ಸಾರಾಯಿ, ಹೊಡೆತ, ಕೂಲಿ ದುಡ್ಡು ಕಸಿಯುವುದು. ಹಲವು ಹಳ್ಳಿಗಳಲ್ಲಿ ‘ಸಂಘದ ಮನೆ’ ಎದ್ದಿತು. ಒಂದೇ ಕೋಣೆ, ಆದರೆ ಹೆಂಗಸರ ಹೆಸರಿನದು. ರಾತ್ರಿ ಮನೆಯಿಂದ ಹೊರಗೆ ಹಾಕಿಸಿಕೊಂಡವಳಿಗೆ ಊರಿನಲ್ಲಿ ಅದುವರೆಗೆ ಇದ್ದ ಜಾಗಗಳು ಎರಡು: ಗುಡಿಯ ಜಗುಲಿ, ಇಲ್ಲವೇ ಬೆಳಗಿನ ಬಸ್ಸಿನ ಸ್ಟಾಪು. ದಲಿತ ಕೇರಿಯವಳಿಗೆ ಗುಡಿಯ ಜಗುಲಿಯೂ ಇರಲಿಲ್ಲ ಎಂಬುದನ್ನು ನಗರದ ಸ್ತ್ರೀವಾದ ಅರಿತುಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು.

ಊರ ಹಿರಿಯರ ಪಂಚಾಯಿತಿಗೂ ಸಂಘದ ಪಂಚಾಯಿತಿಗೂ ವ್ಯತ್ಯಾಸವಿತ್ತು. ಹಿರಿಯರ ಪಂಚಾಯಿತಿಯಲ್ಲಿ ಅವಳು ದೂರ ನಿಲ್ಲುತ್ತಾಳೆ, ಅವಳ ಪರವಾಗಿ ಅಣ್ಣನೋ ಮಾವನೋ ಮಾತಾಡುತ್ತಾನೆ, ದಂಡ ಬಿದ್ದರೆ ಅದು ಗುಡಿಗೆ ಹೋಗುತ್ತದೆ. ಸಂಘದವರ ಎದುರು ಅವಳೇ ಕೂತು ಮಾತಾಡುತ್ತಾಳೆ. ತೀರ್ಮಾನ ಆದ ಮೇಲೆ ಸಂಘದ ಹೆಂಗಸರು ನೀರಿಗೆ ಹೋಗುವಾಗ, ಹೊಲಕ್ಕೆ ಹೋಗುವಾಗ ಅವಳ ಮನೆಯ ಮುಂದೆ ಹಾದುಹೋಗುತ್ತಾರೆ. ಕದ ಮುಚ್ಚಿದ್ದರೆ ಕೂಗುತ್ತಾರೆ. ಯಾವ ರಕ್ಷಣಾ ಆದೇಶಕ್ಕೂ ಇಲ್ಲದ ನಿಗಾ ಇದು. 2010ರ ದಶಕದ ಮಧ್ಯದಲ್ಲಿ ಕೇಂದ್ರದ ನೆರವು ನಿಂತು ಕಾರ್ಯಕ್ರಮ ಸೊರಗಿತು. ಜೀವನೋಪಾಯ ಮಿಷನ್ನಿನ ಸ್ವಸಹಾಯ ಗುಂಪುಗಳು ಆ ಕೆಲಸ ಮುಂದುವರಿಸುತ್ತವೆ ಎಂಬ ಸಮಾಧಾನ ಹೇಳಲಾಯಿತು. ಉಳಿತಾಯದ ಕಂತು ಕಟ್ಟಿಸಿಕೊಳ್ಳುವ ಸಭೆಯಲ್ಲಿ ಹೊಡೆತದ ಮಾತು ಎಷ್ಟು ಹೊತ್ತು ನಡೆದೀತು, ನೀವೇ ಊಹಿಸಿ.

ರಾಜ್ಯ ಸರ್ಕಾರ 2000-01ರಲ್ಲಿ ‘ಸಾಂತ್ವನ’ ಯೋಜನೆ ತಂದಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ, ಪ್ರತಿ ಕೇಂದ್ರಕ್ಕೆ ಒಬ್ಬ ಆಪ್ತಸಮಾಲೋಚಕಿ, ಕೆಲವರು ಸಮಾಜ ಕಾರ್ಯಕರ್ತೆಯರು, ದಿನದ 24 ಗಂಟೆಯ ಸಹಾಯವಾಣಿ. ಮೊದಲು ಜಿಲ್ಲಾ ಕೇಂದ್ರ, ನಂತರ ತಾಲ್ಲೂಕುಗಳು. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಸದ್ದಿಲ್ಲದೆ ಹೆಚ್ಚು ಕೆಲಸ ಮಾಡಿದ ಸಂಸ್ಥೆ ಇದು. ಬೆಂಗಳೂರಿನ ಹೋರಾಟ ಪತ್ರಿಕೆಗಳಲ್ಲಿ ಬಂತು. ಸಾಂತ್ವನ ಕೇಂದ್ರದ ಹೆಂಗಸು ರಾತ್ರಿ ಹನ್ನೊಂದಕ್ಕೆ ಫೋನೆತ್ತಿ ಠಾಣೆಗೆ ಹೋದದ್ದು ಎಲ್ಲೂ ಬರಲಿಲ್ಲ. ಗೌರವಧನ ತಿಂಗಳುಗಟ್ಟಲೆ ತಡವಾಗುವುದು ಮಾತ್ರ ಆಗಾಗ ಸುದ್ದಿಯಾಯಿತು. 2021ರಲ್ಲಿ ಕೇಂದ್ರಗಳನ್ನು ಮುಚ್ಚುವ ಮಾತು ಎದ್ದಾಗ ಮಹಿಳಾ ಸಂಘಟನೆಗಳು ಪ್ರತಿಭಟಿಸಬೇಕಾಯಿತು.

ಯೋಜನೆಯ ಒಂದು ದೋಷವನ್ನೂ ಹೇಳಬೇಕು.  ಈ ಬಗೆಯ ಕೇಂದ್ರಗಳ ವಾರ್ಷಿಕ ವರದಿಗಳಲ್ಲಿ ‘ರಾಜಿ’ ಎಂಬ ಅಂಕಣ ದೊಡ್ಡದಾದಷ್ಟೂ ಯಶಸ್ಸು ಎಂಬ ಭಾವನೆ ಬೆಳೆದುಬಿಟ್ಟಿತು. ಎಷ್ಟು ದೂರು ಬಂತು, ಎಷ್ಟು ಸಂಸಾರ ಒಂದಾಯಿತು ಎಂಬ ಲೆಕ್ಕ ಮೇಲಿನವರಿಗೂ ಹಿತ. ಒಂದಾದ ಸಂಸಾರದಲ್ಲಿ ಆರು ತಿಂಗಳ ನಂತರ ಏನಾಯಿತು ಎಂಬುದಕ್ಕೆ ಅಂಕಣವಿಲ್ಲ. ನುರಿತ ಸಮಾಲೋಚಕಿಯರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಕಳಿಸುವಾಗ ವಾರಕ್ಕೊಂದು ಫೋನು ಮಾಡುವ ಕರಾರು ಹಾಕುವುದು, ಅವಳ ಪೆಟ್ಟಿಗೆಯ ಅಸಲು ಕಾಗದಗಳನ್ನು ತವರಿಗೋ ಗೆಳತಿಗೋ ಕೊಡಿಸುವುದು, ಅಂಗನವಾಡಿ ಕಾರ್ಯಕರ್ತೆಯ ಕಿವಿಗೆ ಒಂದು ಮಾತು ಹಾಕಿಡುವುದು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಅಂಗೀಕಾರವಾದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಆ ದಿನದಿಂದ ಪೆನ್ನು ಸ್ಥಳ ಬದಲಿಸಿತು ಎನ್ನಬಹುದು. ಈ ಕಾಯ್ದೆಯ ಮುಖ್ಯ ದಾಖಲೆ ಎಫ್‌ಐಆರ್ ಅಲ್ಲ. ಕೌಟುಂಬಿಕ ಘಟನಾ ವರದಿ. ಕಚೇರಿಗಳಲ್ಲಿ ಎಲ್ಲರೂ ಅದನ್ನು ಡಿಐಆರ್ ಎನ್ನುತ್ತಾರೆ. ಅದನ್ನು ಬರೆಯುವವರು ಪೊಲೀಸರಲ್ಲ, ಸಂರಕ್ಷಣಾಧಿಕಾರಿ ಅಥವಾ ನೋಂದಾಯಿತ ಸೇವಾ ಸಂಸ್ಥೆ. ಪ್ರತಿ ಹೋಗುವುದು ಮ್ಯಾಜಿಸ್ಟ್ರೇಟರಿಗೆ ಮತ್ತು ಠಾಣೆಗೆ. ಅವಳಿಗೂ ಒಂದು, ಉಚಿತವಾಗಿ.

ಈ ನಮೂನೆಯನ್ನು ತುಂಬುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದಕ್ಕೆ ಒಂದು ಮಧ್ಯಾಹ್ನ ಬೇಕು. ದೈಹಿಕ ಹಿಂಸೆಯ ಭಾಗ ಬೇಗ ಮುಗಿಯುತ್ತದೆ. ‘ಹೊಡೆಯುತ್ತಾರೆ’ ಎನ್ನುವುದಕ್ಕೆ ಅಂಥ ಸಂಕೋಚವೇನಿಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದೇ ಎಂಬ ಧಾಟಿಯಲ್ಲಿ ಹೇಳಿಬಿಡುತ್ತಾರೆ. ಲೈಂಗಿಕ ಹಿಂಸೆಯ ಭಾಗ ಬಂದಾಗ ಬರೆಯುವವಳು ಬಾಗಿಲು ಮುಚ್ಚುತ್ತಾಳೆ, ಜೊತೆಗೆ ಬಂದ ಅಮ್ಮನನ್ನು ಚಹಾ ಕುಡಿಯಲು ಕಳಿಸುತ್ತಾಳೆ. ಅಲ್ಲಿ ತಲೆಯಾಡಿಸುವಿಕೆಯೇ ಉತ್ತರ. ನಂತರ ಮಾತಿನ ಮತ್ತು ಮನಸ್ಸಿನ ಹಿಂಸೆ. ಗಂಡು ಮಗು ಹೆರಲಿಲ್ಲವೆಂದು ಹಂಗಿಸಿದ್ದುಂಟೆ, ವರದಕ್ಷಿಣೆ ತರಲಿಲ್ಲವೆಂದು ಅವಮಾನ ಮಾಡಿದ್ದುಂಟೆ, ಮನೆಯಿಂದ ಹೊರಗೆ ಹೋಗದಂತೆ ತಡೆದದ್ದುಂಟೆ, ಕೆಲಸಕ್ಕೆ ಹೋಗುವುದನ್ನು ಬಿಡಿಸಿದ್ದುಂಟೆ, ಆತ್ಮಹತ್ಯೆ ಮಾಡಿಕೊಳ್ಳುತ್ತೇನೆಂದು ಹೆದರಿಸಿದ್ದುಂಟೆ. ಒಂದೊಂದಕ್ಕೂ ‘ಹೂಂ’. ಆರ್ಥಿಕ ಹಿಂಸೆಯ ಭಾಗ ಓದತೊಡಗಿದಾಗ ಎಷ್ಟೋ ಹೆಂಗಸರು ನಡುವೆ ತಡೆಯುತ್ತಾರೆ. ಊಟಕ್ಕೆ, ಬಟ್ಟೆಗೆ, ಔಷಧಿಗೆ ದುಡ್ಡು ಕೊಡದಿರುವುದು, ಅವಳ ಸಂಬಳ ಕಿತ್ತುಕೊಳ್ಳುವುದು, ಒಡವೆಯನ್ನು ಕೇಳದೆ ಮಾರುವುದು ಅಥವಾ ಅಡವಿಡುವುದು. ‘ಇದನ್ನೂ ಬರೆಯಬಹುದಾ?’ ಎಂಬ ಪ್ರಶ್ನೆ ಬರುವುದು ಇಲ್ಲಿ. ತನಗಾದದ್ದಕ್ಕೆ ಸರ್ಕಾರದ ಫಾರಂನಲ್ಲಿ ಒಂದು ಚೌಕ ಇದೆ ಎಂಬುದು ಸಣ್ಣ ವಿಷಯವೇನಲ್ಲ.

ಆಮೇಲೆ ಏನು ಬೇಕು ಎಂಬ ಭಾಗ. ರಕ್ಷಣೆಯ ಆದೇಶ, ವಾಸದ ಆದೇಶ, ಹಣ, ಮಕ್ಕಳ ಸುಪರ್ದಿ, ಪರಿಹಾರ. ಆದರೆ ಅವಳ ಬಾಯಲ್ಲಿ ಮೊದಲು ಬರುವುದು ಇವು ಯಾವುವೂ ಅಲ್ಲ: ರೇಷನ್ ಕಾರ್ಡು, ಆಧಾರ್, ಮಗುವಿನ ಟಿಸಿ, ತಾಳಿಯ ಜೊತೆಗಿದ್ದ ಎರಡೆಳೆ ಸರ. ಅನುಭವವಿದ್ದ ಅಧಿಕಾರಿ ಅದನ್ನೆಲ್ಲ ವಾಸದ ಮತ್ತು ಸ್ತ್ರೀಧನದ ಅಂಕಣಗಳೊಳಗೆ ಸೇರಿಸಿ ಬರೆಯುತ್ತಾಳೆ. ಅನುಭವವಿಲ್ಲದವರು ಅಂಕಣ ಖಾಲಿ ಬಿಡುತ್ತಾರೆ, ಕೋರ್ಟು ಕೇಳದ್ದನ್ನು ಕೊಡುವುದಿಲ್ಲ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥಕ್ಕೆ 60 ದಿನದ ಪ್ರಯತ್ನ ಎನ್ನುತ್ತದೆ ಕಾಯ್ದೆ. ತಾಲ್ಲೂಕು ನ್ಯಾಯಾಲಯದ ಕಾರಿಡಾರಿನಲ್ಲಿ ಒಂದು ಬೆಳಿಗ್ಗೆ ನಿಂತವರು ಈ ಅವಧಿಯ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಾಯ್ದೆಯ ಹೊಸತನವೆಂದರೆ ವಾಸದ ಹಕ್ಕು. ಅದುವರೆಗಿನ ನೆರವೆಲ್ಲ ಒಂದೇ ಊಹೆಯ ಮೇಲೆ ನಿಂತಿತ್ತು: ಹೊಡೆಸಿಕೊಂಡವಳು ಮನೆ ಬಿಡಬೇಕು, ಹೊಡೆದವನು ಇರುತ್ತಾನೆ. ಅಲ್ಪಾವಧಿ ವಸತಿಗೃಹಗಳು, ಸ್ವಾಧಾರ ಗೃಹಗಳು, ವಿಮೋಚನಾದವರದೇ ಆದ ‘ಅಂಗಳ’, ಎಲ್ಲವೂ ಹೊರಬಿದ್ದವಳಿಗಾಗಿ. ಅವು ಬೇಕೇ ಬೇಕು. ಆದರೆ ಅವಳು ಅಲ್ಲೇ, ಆ ಅಡುಗೆಮನೆಯಲ್ಲೇ, ಹೊಡೆಸಿಕೊಳ್ಳದೆ ಇರಬಹುದು ಎಂದು ಕಾನೂನು ಮೊದಲ ಬಾರಿಗೆ ಹೇಳಿತು. ಜಾರಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. 2006ರ ಡಿಸೆಂಬರಿನಲ್ಲಿ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಆ ಹಕ್ಕನ್ನು ಗಂಡನ ಸ್ವಂತದ, ಅವನು ಬಾಡಿಗೆಗೆ ಹಿಡಿದ, ಇಲ್ಲವೇ ಅವನಿಗೂ ಪಾಲಿರುವ ಅವಿಭಕ್ತ ಕುಟುಂಬದ ಮನೆಗಷ್ಟೇ ಮೊಟಕುಗೊಳಿಸಿತು. ನಮ್ಮ ಕಡೆ ಮನೆ ಇರುವುದು ಅತ್ತೆಯ ಹೆಸರಿನಲ್ಲೋ ಮಾವನ ಹೆಸರಿನಲ್ಲೋ. ಹದಿನಾಲ್ಕು ವರ್ಷ ಇದೇ ತೀರ್ಪನ್ನು ಎದುರು ಪಕ್ಷದ ವಕೀಲರು ಹಿಡಿದು ನಿಂತರು. ಅಹುಜಾ ಪ್ರಕರಣದಲ್ಲಿ ಅದು ರದ್ದಾದದ್ದು 2020ರ ಅಕ್ಟೋಬರಿನಲ್ಲಿ.

ಸ್ವಂತದ್ದೇ ಆದ ಮನೆ ಅಥವಾ ಜಮೀನು ಇದ್ದರೆ ಇಷ್ಟೆಲ್ಲ ಕೋರ್ಟು ಹತ್ತುವ ಪ್ರಮೇಯ ಕಡಿಮೆ ಎಂಬುದಕ್ಕೆ ಪಕ್ಕದ ಕೇರಳದಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ನಡೆಸಿದ ಅಧ್ಯಯನವಿದೆ. 2005ರಲ್ಲಿ ಪ್ರಕಟವಾದ ಅದರ ಪ್ರಕಾರ ಆಸ್ತಿಯಿಲ್ಲದ ಹೆಂಗಸರಲ್ಲಿ ಶೇ 49ರಷ್ಟು ಮಂದಿ ದೈಹಿಕ ಹಿಂಸೆ ಅನುಭವಿಸಿದ್ದರು. ಮನೆ, ಜಮೀನು ಎರಡೂ ಇದ್ದವರಲ್ಲಿ ಶೇ 7. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ದೇಶಕ್ಕಿಂತ ಹನ್ನೊಂದು ವರ್ಷ ಮೊದಲು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ತವರಿನ ಬಾಗಿಲು ಮುಚ್ಚದಿರಲೆಂದು ಆ ಪಾಲಿನ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಅಕ್ಕತಂಗಿಯರು ಎಷ್ಟು ಎಂಬುದು ಉಪನೋಂದಣಾಧಿಕಾರಿಗಳ ಕಚೇರಿಯ ಪುಸ್ತಕಗಳಿಗೇ ಗೊತ್ತು.

2012ರ ದೆಹಲಿ ಅತ್ಯಾಚಾರದ ನಂತರ ನಿರ್ಭಯಾ ನಿಧಿ ಬಂತು. ಅದರಿಂದ 2015ರ ಏಪ್ರಿಲ್‌ನಲ್ಲಿ ‘ಸಖಿ’ ಒನ್ ಸ್ಟಾಪ್ ಕೇಂದ್ರಗಳು. ವೈದ್ಯಕೀಯ ನೆರವು, ಪೊಲೀಸು, ವಕೀಲರು, ಸಮಾಲೋಚನೆ, ಐದು ದಿನದ ವಸತಿ ಒಂದೇ ಸೂರಿನಡಿ. ಹಲವೆಡೆ ಜಿಲ್ಲಾಸ್ಪತ್ರೆಯ ಆವರಣದಲ್ಲೇ ಇವು ಇವೆ. ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇರುವುದು ತೊಡಕು. ಹೆಂಗಸರಿಗೆ ಬಸ್ಸು ಉಚಿತವಾದ 2023ರ ಜೂನ್‌ನಿಂದ ಈಚೆಗೆ ಆ ತೊಡಕು ಒಂದಿಷ್ಟು ಸಡಿಲವಾಗಿರಬೇಕು. ದೂರು ಕೊಡಲು ಹೋಗುವ ಬಸ್ ಚಾರ್ಜನ್ನು ಹೊಡೆದವನ ಜೇಬಿನಿಂದಲೇ ಕೇಳಬೇಕಾಗಿದ್ದ ಕಾಲವನ್ನು ನೆನೆದರೆ, ‘ಶಕ್ತಿ’ ಯೋಜನೆಯನ್ನೂ ಈ ಚರಿತ್ರೆಯ ಒಂದು ಅಡಿಟಿಪ್ಪಣಿಯಾಗಿ ಸೇರಿಸಬೇಕೆಂದು ನನ್ನ ವಾದ.

ನಡುವೆ ಲಾಕ್‌ಡೌನ್ ಬಂತು. ಬಸ್ಸಿಲ್ಲ, ತವರಿಲ್ಲ, ಗಂಡ ದಿನವಿಡೀ ಮನೆಯಲ್ಲಿ, ಫೋನೂ ಅವನ ಕೈಯಲ್ಲಿ. ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಸಂಖ್ಯೆ ಕೊಟ್ಟದ್ದು, ಧ್ವನಿಯೆತ್ತಿ ಮಾತಾಡಲಾಗದವರು ಟೈಪಾದರೂ ಮಾಡಲಿ ಎಂದು. ಲಾಕ್‌ಡೌನಿಗೆ ಮೊದಲೇ ರಾಜ್ಯದಲ್ಲಿ ನಡೆದಿದ್ದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿ ಬಂದಾಗ ಕರ್ನಾಟಕ ಬೆಚ್ಚಿಬಿತ್ತು. ಗಂಡನಿಂದ ಹಿಂಸೆ ಅನುಭವಿಸಿದ 18ರಿಂದ 49 ವರ್ಷದ ವಿವಾಹಿತೆಯರ ಪ್ರಮಾಣ ಹಿಂದಿನ ಸಮೀಕ್ಷೆಯಲ್ಲಿ ಶೇ 20.6 ಇದ್ದದ್ದು ಶೇ 44.4ಕ್ಕೆ ಏರಿತ್ತು, ದೇಶದಲ್ಲೇ ಅತಿ ಹೆಚ್ಚು. ಐದು ವರ್ಷದಲ್ಲಿ ಕನ್ನಡ ನಾಡಿನ ಗಂಡಸರು ದುಪ್ಪಟ್ಟು ಕ್ರೂರಿಗಳಾದರೇ, ಅಥವಾ ಸಮೀಕ್ಷೆಗೆ ಬಂದ ಹುಡುಗಿಯ ಎದುರು ಹೆಂಗಸರು ಬಾಯಿ ಬಿಟ್ಟರೇ? ಎರಡನೆಯದರ ಪಾಲೂ ಇದರಲ್ಲಿ ಇದೆಯೆಂದು ಈ ಕ್ಷೇತ್ರದಲ್ಲಿ ದುಡಿದವರು ನಂಬುತ್ತಾರೆ, ನಾನೂ ನಂಬುತ್ತೇನೆ. ಆದರೆ ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಹೇಳುವ ಇನ್ನೊಂದು ಅಂಕಿ ಸಂಸ್ಥೆಗಳನ್ನು ನೇರವಾಗಿ ಕೇಳುತ್ತದೆ: ಹಿಂಸೆ ಅನುಭವಿಸಿದವರಲ್ಲಿ ನೆರವು ಕೋರಿದವರು ಶೇ 14 ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ತಮ್ಮ ಮನೆಯವರ ಹತ್ತಿರ.

ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ತಾಲ್ಲೂಕು ಮಟ್ಟದಲ್ಲಿ ಇರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲೆ. ಅಂದರೆ ತಾಲ್ಲೂಕಿನ ಅಂಗನವಾಡಿಗಳು, ಅಲ್ಲಿನ ಮೊಟ್ಟೆ-ಹಾಲು-ಪೌಷ್ಟಿಕ ಆಹಾರದ ಲೆಕ್ಕ, ಭಾಗ್ಯಲಕ್ಷ್ಮಿ ಬಾಂಡು, ಈಗ ಗೃಹಲಕ್ಷ್ಮಿ ಅರ್ಜಿಗಳ ತಕರಾರು, ಇವೆಲ್ಲದರ ನಡುವೆ ಡಿಐಆರ್. 2025ರ ಮೇ 20ರಂದು, ‘ವಿ ದ ವಿಮೆನ್ ಆಫ್ ಇಂಡಿಯಾ’ ಸಂಸ್ಥೆಯ ಅರ್ಜಿಯ ಮೇಲೆ, ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರ ಪೀಠ, ಎಲ್ಲ ರಾಜ್ಯಗಳೂ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಗಳನ್ನು ಸಂರಕ್ಷಣಾಧಿಕಾರಿಗಳೆಂದು ಆರು ವಾರದೊಳಗೆ ಗೊತ್ತುಪಡಿಸಬೇಕೆಂದು ಆದೇಶಿಸಿತು. ಹಲವು ರಾಜ್ಯಗಳಿಗೆ ಅದು ಹೊಸ ಕೆಲಸ. ನಮಗಲ್ಲ, ಹೆಸರು ಗೊತ್ತುಪಡಿಸಿ ವರ್ಷಗಳೇ ಆದವು. ಒಂದು ಡಿಐಆರ್ ಸರಿಯಾಗಿ ಬರೆಯಲು ಬೇಕಾದ ಮಧ್ಯಾಹ್ನವನ್ನು ಆ ಅಧಿಕಾರಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಮಾತ್ರ ಇಲಾಖೆಯ ಕಡತದಲ್ಲಿ ಹಾಗೇ ಇದೆ. ಹೆಚ್ಚುವರಿ ಹೊಣೆಯನ್ನು ಬಿಟ್ಟು ಪ್ರತ್ಯೇಕ ಹುದ್ದೆ ಸೃಷ್ಟಿಸಿ ಎಂಬ ಬೇಡಿಕೆ ಕಾಯ್ದೆಯಷ್ಟೇ ಹಳೆಯದು.